ಜನರಲ್ ಸಾಹೇಬರ ಮಾತೃಶ್ರೀ

ವ್ಯಾನಿನ ಡ್ರೈವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಊರು ಅದನ್ನು ಎಂದೋ ಮರೆತುಬಿಟ್ಟಿತ್ತು. ಒಮ್ಮೆ ಗೇರು ಸಿಕ್ಕಿಹಾಕಿಕೊಂಡಾಗ ಆತ ಮಾರುಕಟ್ಟೆಯಿಂದ ಮನೆಯವರೆಗೂ ವ್ಯಾನನ್ನು ಹಿಮ್ಮುಖವಾಗಿಯೇ ಓಡಿಸಿಕೊಂಡು ಬಂದಿದ್ದ. ದಾರಿಯಲ್ಲಿ ಸಿಕ್ಕವರಿಗೆಲ್ಲ, ಇದು ಬೇಕೆಂದೇ ಮಾಡಿದ್ದು ಎಂಬಂತೆ ಕೈ ಬೀಸಿದ್ದ. ಅಂದಿನಿಂದ ಆತ ರಿವರ್ಸು. ಹೆಂಡತಿ ಕೂಡ ಸಿಟ್ಟು ಬಂದಾಗ ಅದೇ ಹೆಸರು ಹಿಡಿದು ಕರೆಯುತ್ತಿದ್ದಳು.

ರಿವರ್ಸುವಿನಲ್ಲಿ ಕೆಟ್ಟ ಗುಣ ಎಂಬುದೇ ಇರಲಿಲ್ಲ. ಇದ್ದದ್ದು ಒಂದು ಚಾಳಿ. ಯಾರು ಏನು ಹೇಳತೊಡಗಿದರೂ ಅರ್ಧ ಕೇಳುವಷ್ಟರಲ್ಲಿ "ಗೊತ್ತಾಯ್ತು, ಗೊತ್ತಾಯ್ತು" ಎಂದುಬಿಡುತ್ತಿದ್ದ. ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತಿದ್ದ. ಈ ಕಥೆಯಲ್ಲಿ ನಡೆದ ಅನಾಹುತವೆಲ್ಲ ಅವನು ತುಂಬಿಕೊಂಡ ಆ ಅರ್ಧದಲ್ಲಿತ್ತು.

ಊರಿನ ಅಂಚಿನ ಗುಡ್ಡದ ಮೇಲೆ ಕನ್ಯಾಸ್ತ್ರೀಯರ ಕಾನ್ವೆಂಟು. ದಿಕ್ಕಿಲ್ಲದ ಮುದುಕ ಮುದುಕಿಯರನ್ನು ಅಲ್ಲಿಯ ಸಿಸ್ಟರುಗಳು ಸಾಕುತ್ತಿದ್ದರು. ಅವರ ಸಂಸ್ಥೆ ಹುಟ್ಟಿ ನೂರೈವತ್ತು ವರ್ಷ ತುಂಬಿತ್ತು. ಆ ಸಂಭ್ರಮಕ್ಕೆ ಲೋಕದ ಮೂಲೆಮೂಲೆಗಳಿಂದ ಸಿಸ್ಟರುಗಳು ಬರುವವರಿದ್ದರು. ಹಿಮ ಬೀಳುವ ದೇಶದವರು, ಮರಳು ಹಾರುವ ದೇಶದವರು, ಎಲ್ಲರೂ. ಸೇರುವ ಜಾಗ ಈ ಸಲ ಇದೇ ಗುಡ್ಡ. ಕಾನ್ವೆಂಟಿನ ಹಿರಿಯರನ್ನು ಊರು ದೊಡ್ಡ ಸಿಸ್ಟರ್ ಎನ್ನುತ್ತಿತ್ತು. ಅವರು ರಿವರ್ಸುವನ್ನು ಕರೆಸಿ, ಕೈಯಲ್ಲಿದ್ದ ದಿಂಬಿಗೆ ಗವಸು ಹಾಕುತ್ತಲೇ, ಶನಿವಾರ ಮಧ್ಯಾಹ್ನದ ರೈಲಿಗೆ ವ್ಯಾನು ತಗೊಂಡು ಹೋಗಬೇಕು ಎಂದರು.

"ನಮ್ಮ ಸಿಸ್ಟರುಗಳು ಬರ್ತಾರೆ. ಜೊತೆಗೆ ಮದರ್ ಜನರಲ್ಲೂ ಬರ್ತಿದ್ದಾರೆ. ಜೋಪಾನವಾಗಿ ಕರ್ಕೊಂಡು ಬಾಪ್ಪ. ಅವರು ಅಂದ್ರೆ ನಮ್ಮ..."

"ಗೊತ್ತಾಯ್ತು ಸಿಸ್ಟರ್, ಗೊತ್ತಾಯ್ತು," ಎಂದ ರಿವರ್ಸು.

ಅವನಿಗೆ ಗೊತ್ತಾದದ್ದು ಇಷ್ಟು: ಸಿಸ್ಟರ್ ಅಂದರೆ ಸಿಸ್ಟರ್. ಮದರ್ ಅಂದರೆ ತಾಯಿ. ಜನರಲ್ ಅಂದರೆ ಸೈನ್ಯದ ತುತ್ತತುದಿಯಲ್ಲಿ ಕೂತಿರುವವನು. ಅದನ್ನು ಅವನಿಗೆ ಮಾವ ದಿನಕ್ಕೊಮ್ಮೆಯಾದರೂ ಹೇಳಿಕೊಟ್ಟಿದ್ದರು. ಮೂರನ್ನೂ ಕೂಡಿಸಿದರೆ ಲೆಕ್ಕ ತಪ್ಪುವುದು ಎಲ್ಲಿ?

ಮಾವನ ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅವರು ನಿವೃತ್ತ ಸೈನಿಕರು. ಸೈನ್ಯದಲ್ಲಿ ಅವರು ನೋಡಿಕೊಂಡದ್ದು ಕಂಬಳಿ ಮತ್ತು ಬೂಟಿನ ಉಗ್ರಾಣವನ್ನು. ಆದರೆ ಅವರು ಮಾತಿಗೆ ಕೂತರೆ ಆ ಬೂಟುಗಳೇ ಯುದ್ಧ ಗೆದ್ದು ಬಂದಂತೆ ಕೇಳುತ್ತಿತ್ತು. ಮಗಳ ಮನೆಯ ಪಕ್ಕದಲ್ಲೇ ಅವರ ಮನೆ. ಅಳಿಯ ಶಿಸ್ತಿಲ್ಲದವನು, ಅವನ ಲಟಾರಿ ವ್ಯಾನನ್ನು ಮಾರಿ, ಅವನನ್ನು ತಮ್ಮ ಹಳೆಯ ಗೆಳೆಯನ ಗೋದಾಮಿಗೆ ಕಾವಲಿಗೆ ಸೇರಿಸಬೇಕು ಎಂಬುದು ಅವರ ತೀರ್ಮಾನ. ಗೆಳೆಯನ ಹತ್ತಿರ ಮಾತೂ ಆಡಿಯಾಗಿತ್ತು. ಭಾನುವಾರ ಗಿರಾಕಿ ವ್ಯಾನು ನೋಡಲು ಬರುವವನಿದ್ದ. ಹೆಂಡತಿ ಈ ವಿಷಯದಲ್ಲಿ ಅಪ್ಪನ ಕಡೆಗೂ ಇರಲಿಲ್ಲ, ಗಂಡನ ಕಡೆಗೂ ಇರಲಿಲ್ಲ. ಯಾರಾದರೂ ಒಬ್ಬರು ಗೆದ್ದು ಮನೆಯಲ್ಲಿ ಸದ್ದು ನಿಂತರೆ ಸಾಕು ಎಂದಿದ್ದಳು.

ಆ ಸಂಜೆ ಮಾವ ಎಂದಿನಂತೆ ಬಂದು ಕೂತು ಗೋದಾಮಿನ ಕೆಲಸದ ಘನತೆಯನ್ನು ವಿವರಿಸತೊಡಗಿದರು. ಸಮವಸ್ತ್ರ ಇರುತ್ತದೆ, ಶಿಳ್ಳೆ ಇರುತ್ತದೆ ಎಂದರು. ವ್ಯಾನಿನಲ್ಲಿ ತರಕಾರಿ ಮೂಟೆ ಸಾಗಿಸುವವನನ್ನು ಯಾರು ಕೇಳುತ್ತಾರೆ ಎಂದರು. ರಿವರ್ಸು ಬಹಳ ಹೊತ್ತು ತಟ್ಟೆ ನೋಡಿಕೊಂಡೇ ಇದ್ದ. ಕೊನೆಗೆ ತಡೆಯಲಾರದೆ, ಬೇರೆ ಯಾರಿಗೋ ಹೇಳುವವನಂತೆ ಗೋಡೆಗೆ ಹೇಳಿದ:

"ಶನಿವಾರ ಜನರಲ್ ಸಾಹೇಬರ ತಾಯಿ ಬರ್ತಾರೆ. ನನ್ನ ವ್ಯಾನಲ್ಲೇ ಕೂತ್ಕೊಳ್ಳೋದು."

ಮಾವ ಕೂತಿದ್ದ ಕುರ್ಚಿಯಿಂದ ಎದ್ದು ನಿಂತರು. ಅವರ ಕಾಲುಗಳು ತಾವಾಗಿಯೇ ಕೂಡಿಕೊಂಡವು. ಯಾವ ಜನರಲ್ ಎಂದು ಕೇಳಲು ಬಾಯಿ ತೆರೆದವರು, ಅಂಥದ್ದನ್ನು ಕೇಳುವುದು ಶಿಸ್ತಲ್ಲವೆಂದು ತಾವೇ ಮುಚ್ಚಿಕೊಂಡರು. ಮದುವೆಯಾದಾಗಿನಿಂದ ಮೊದಲ ಬಾರಿಗೆ ಅಳಿಯನನ್ನು "ನೀವು" ಎಂದರು. ನೀವು ಊಟ ಮುಗಿಸಿ, ಆಮೇಲೆ ಮಾತಾಡೋಣ ಎಂದರು. ರಿವರ್ಸು ಅಂದು ಎರಡು ಸಲ ಬಡಿಸಿಕೊಂಡು ಉಂಡ.

ಮಾರನೆಯ ದಿನ ಮಾವ ಕ್ಷೌರಕ್ಕೆ ಹೋದರು. ಆ ಊರಿನಲ್ಲಿ ಕ್ಷೌರದ ಅಂಗಡಿಯವನಿಗೆ ಹೇಳುವುದೂ ಒಂದೇ, ಗಂಟೆ ಬಾರಿಸಿ ಹೇಳುವುದೂ ಒಂದೇ. ಅವನು ಒಂದು ಕೆನ್ನೆ ಮುಗಿಸುವಷ್ಟರಲ್ಲಿ ಸುದ್ದಿ ತಿಳಿದುಕೊಂಡ, ಇನ್ನೊಂದು ಕೆನ್ನೆ ಮುಗಿಸುವಷ್ಟರಲ್ಲಿ ಅದಕ್ಕೆ ಕೈಕಾಲು ಮೂಡಿಸಿದ. ಜನರಲ್ಲರ ತಾಯಿ ಕಾನ್ವೆಂಟಿಗೆ ಯಾಕೆ ಬರಬೇಕು ಎಂದು ಕೇಳಿದವರಿಗೆ, ಅವರ ಬಾಲ್ಯದ ಗೆಳತಿಯೊಬ್ಬಳು ಅಲ್ಲಿಯ ಮುದುಕಿಯರಲ್ಲಿ ಇದ್ದಾಳೆಂದು ಅವನೇ ಉತ್ತರ ಒದಗಿಸಿದ. ಸಂಜೆಯ ಹೊತ್ತಿಗೆ ಆ ಗೆಳತಿಯನ್ನು ಕಣ್ಣಾರೆ ಕಂಡವರೂ ಹುಟ್ಟಿಕೊಂಡಿದ್ದರು.

ಸುದ್ದಿ ಪುರಸಭೆಯ ಮುಖ್ಯಾಧಿಕಾರಿಗಳನ್ನು ಮುಟ್ಟಿತು. ಅವರು ಜಾಗರೂಕ ಮನುಷ್ಯ. ಗಾಳಿಮಾತು ನಂಬುವವರಲ್ಲ. ಖುದ್ದಾಗಿ ಕಾನ್ವೆಂಟಿಗೆ ಫೋನು ಮಾಡಿ, ಜನರಲ್ಲರ ತಾಯಿ ಎಂಬುದನ್ನು ತಮಗೆ ಬಂದ ಇಂಗ್ಲಿಷಿಗೆ ತಿರುಗಿಸಿ, ಮದರ್ ಜನರಲ್ ಬರುತ್ತಿರುವುದು ನಿಜವೇ ಎಂದು ವಿಚಾರಿಸಿದರು. ದೊಡ್ಡ ಸಿಸ್ಟರ್ ಬಹಳ ಸಂತೋಷದಿಂದ ನಿಜ ಎಂದರು. ಅಧಿಕಾರಿಗಳು ದನಿ ತಗ್ಗಿಸಿದರು.

"ಭದ್ರತೆ ಎಲ್ಲ ಯಾರು ನೋಡ್ಕೊಳ್ತಾರೆ ಸಿಸ್ಟರ್?"

"ನಮಗೆ ಅದರ ಚಿಂತೆ ಇಲ್ಲ ಸಾರ್. ಎಲ್ಲ ಮೇಲಿನವರು ನೋಡ್ಕೊಳ್ತಾರೆ."

ಹೀಗೆನ್ನುವಾಗ ದೊಡ್ಡ ಸಿಸ್ಟರ್ ಬೆರಳನ್ನು ಆಕಾಶದ ಕಡೆಗೆ ಎತ್ತಿದ್ದರು. ಫೋನಿನಲ್ಲಿ ಅದು ಕಾಣುವುದಿಲ್ಲ. ಮೇಲಿನವರು ಎಂದರೆ ತಮಗಿಂತ ಎಷ್ಟು ಮೇಲಿನವರು ಎಂದು ಊಹಿಸಿ ಮುಖ್ಯಾಧಿಕಾರಿಗಳು ಫೋನು ಹಿಡಿದೇ ಎದ್ದು ನಿಂತರು. ತಮಗೆ ಮೇಲಿನಿಂದ ಒಂದು ಮಾತೂ ಬಂದಿಲ್ಲವೆಂದರೆ, ತಮ್ಮನ್ನು ಗುಟ್ಟಾಗಿ ಪರೀಕ್ಷೆ ಮಾಡುತ್ತಿದ್ದಾರೆ ಎಂದೇ ಅರ್ಥ ಎಂದು ಅವರು ತೀರ್ಮಾನಿಸಿದರು.

ಗುಡ್ಡಕ್ಕೆ ಹೋಗುವ ರಸ್ತೆಯ ಮಾತು ಹೇಳಲೇಬೇಕು. ಅದನ್ನು ರಸ್ತೆ ಎನ್ನುವುದು ಹಳೆಯ ಸಲುಗೆಯಿಂದ. ರಿವರ್ಸುವಿನ ವ್ಯಾನು ಕೂಡ ಅದನ್ನು ಹತ್ತುತ್ತಿರಲಿಲ್ಲ; ಮುದುಕರಿಗೆ ಕಾಯಿಲೆಯಾದರೆ ಆಸ್ಪತ್ರೆಯ ಗಾಡಿಯೂ ಕೆಳಗೇ ನಿಲ್ಲುತ್ತಿತ್ತು. ಸಿಸ್ಟರುಗಳು ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸುತ್ತಿದ್ದರು. ದುರಸ್ತಿ ಮಾಡಿಸಿ ಎಂದು ಅವರು ಕೇಳಿಕೊಂಡಾಗಲೆಲ್ಲ ಪುರಸಭೆ ಬಹಳ ಸಹಾನುಭೂತಿ ತೋರಿಸಿತ್ತು. ಈಗ ಆ ರಸ್ತೆಯ ಮೇಲೆ ರೋಲರು ಉರುಳಿತು. ಡಾಂಬರಿನ ಹೊಗೆ ಎದ್ದಿತು. ಚರಂಡಿಗೆ ಹಾಸುಗಲ್ಲು ಬಂತು, ತಿರುವಿನಲ್ಲಿ ದೀಪದ ಕಂಬ ನಿಂತಿತು. ದೊಡ್ಡ ಸಿಸ್ಟರ್ ಕಿಟಕಿಯಿಂದ ನೋಡಿ, ಇಷ್ಟು ವರ್ಷದ ಪ್ರಾರ್ಥನೆ ಕೊನೆಗೂ ಮುಟ್ಟಿತು ಎಂದು ಕಣ್ಣೊರೆಸಿಕೊಂಡರು.

ಡಾಂಬರು ಕಂಡ ರಿವರ್ಸು ಮಾತ್ರ ಅದರ ಅಂಚಿನಲ್ಲೇ ನಿಂತುಬಿಟ್ಟ. ತಾನು ಗೋಡೆಗೆ ಹೇಳಿದ ಒಂದು ಮಾತು ಇಷ್ಟು ಉದ್ದದ ರಸ್ತೆಯಾಗುತ್ತದೆಂದು ಅವನು ಎಣಿಸಿರಲಿಲ್ಲ. ಯಾವುದಕ್ಕೂ ಇನ್ನೊಮ್ಮೆ ಕೇಳಿಬಿಡುವುದು ವಾಸಿ ಎಂದು ಕಾನ್ವೆಂಟಿಗೆ ಹೋದ. ದೊಡ್ಡ ಸಿಸ್ಟರ್ ಪ್ರಾರ್ಥನಾ ಮಂದಿರದಲ್ಲಿ ಏಣಿ ಹತ್ತಿ, ಮಗುವನ್ನೆತ್ತಿಕೊಂಡ ಮಾತೆಯ ಪ್ರತಿಮೆಯ ಧೂಳು ಒರೆಸುತ್ತಿದ್ದರು. ಮಾವ ಬೆಳಗ್ಗೆಯೇ ತಲೆಯಲ್ಲಿ ಒಂದು ಹುಳ ಬಿಟ್ಟಿದ್ದರು: ತಾಯಿ ಬಂದರೆ ಮಗನೂ ಬರಬಹುದಲ್ಲ? ರಿವರ್ಸು ಟೋಪಿ ತೆಗೆದು, ಏಣಿಯ ಕೆಳಗೆ ನಿಂತು, ಅಳುಕುತ್ತ ಕೇಳಿದ:

"ಸಿಸ್ಟರ್, ಆ ತಾಯಿಯ ಮಗ... ಅವರೂ ಬರ್ತಾರಾ?"

ದೊಡ್ಡ ಸಿಸ್ಟರ್ ಒರೆಸುವುದನ್ನು ನಿಲ್ಲಿಸಿದರು. ಇಷ್ಟು ವರ್ಷ ತರಕಾರಿ ಮೂಟೆ ಹೊತ್ತು ತಂದಿಳಿಸಿ ಹಾಗೇ ಹೊರಟುಹೋಗುತ್ತಿದ್ದ ಮನುಷ್ಯನ ಬಾಯಲ್ಲಿ ಇಂಥ ಪ್ರಶ್ನೆ. ಅವರು ಪ್ರತಿಮೆಯ ತೋಳಿನಲ್ಲಿದ್ದ ದೇವಪುತ್ರನ ಕಡೆ ನೋಡಿ, ಲೋಕಕ್ಕೆ ಮತ್ತೆ ಬರುವೆನೆಂದು ಆತ ಕೊಟ್ಟ ಮಾತನ್ನು ನೆನೆದರು.

"ಬಂದೇ ಬರ್ತಾರಪ್ಪ. ಯಾವಾಗ ಅಂತ ಮಾತ್ರ ಯಾರೂ ಹೇಳೋಕಾಗಲ್ಲ. ನಾವು ತಯಾರಾಗಿರಬೇಕು, ಅಷ್ಟೆ."

"ಗೊತ್ತಾಯ್ತು ಸಿಸ್ಟರ್," ಎಂದು ರಿವರ್ಸು ಕೆಳದನಿಯಲ್ಲಿ ಹೇಳಿ ಹೊರಟ. ಟೋಪಿ ಏಣಿಯ ಕೆಳಗೇ ಉಳಿಯಿತು.

ಖುದ್ದು ಜನರಲ್ಲೇ ಯಾವ ಗಳಿಗೆಯಲ್ಲಾದರೂ ಬರಬಹುದು ಎಂಬ ಸುದ್ದಿ ಮುಟ್ಟಿದಾಗ ಮುಖ್ಯಾಧಿಕಾರಿಗಳು ನೀರು ಕೇಳಿದರು. ಮಾವ ಪೆಟ್ಟಿಗೆಯ ತಳದಿಂದ ಹಳೆಯ ಸಮವಸ್ತ್ರ ತೆಗೆದರು. ಅದು ಅವರನ್ನು ಇನ್ನೂ ಗುರುತಿಸಿತು, ಆದರೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೊಟ್ಟೆಯ ಹತ್ತಿರ ಎರಡು ಗುಂಡಿ ಏನು ಮಾಡಿದರೂ ಸೇರಲಿಲ್ಲ. ಅತ್ತೆ ಆ ಜಾಗಕ್ಕೆ ಬಟ್ಟೆಯ ಪಟ್ಟಿಯೊಂದನ್ನು ಹೊಲಿದುಕೊಟ್ಟು, ಉಸಿರು ಬಿಡದೆ ಇದ್ದರೆ ಆಗಬಹುದು ಎಂದರು. ವ್ಯಾನು ಕೊಳ್ಳಲು ಬರುವವನಿಗೆ ಮಾವನೇ ಹೇಳಿಕಳಿಸಿದರು, ಜನರಲ್ಲರ ತಾಯಿ ಕೂರುವ ವ್ಯಾನನ್ನು ಮಾರುವ ಪ್ರಶ್ನೆಯೇ ಇಲ್ಲ ಎಂದು.

ಶನಿವಾರ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಗ್ನಿಶಾಮಕ ದಳದ ಬ್ಯಾಂಡು ಮೇಲ್ದರ್ಜೆಯ ಬೋಗಿ ನಿಲ್ಲುವ ಜಾಗಕ್ಕೆ ಸರಿಯಾಗಿ ಸಾಲು ಕಟ್ಟಿತ್ತು. ಮುಖ್ಯಾಧಿಕಾರಿಗಳ ಕೈಯಲ್ಲಿ ಅವರ ಮುಖವನ್ನೇ ಮರೆಸುವಷ್ಟು ದೊಡ್ಡ ಹೂಗುಚ್ಛ. ಮಾವ ಉಸಿರು ಬಿಡದೆ ನಿಂತಿದ್ದರು.

ರೈಲು ಬಂತು. ಮೇಲ್ದರ್ಜೆಯ ಬಾಗಿಲು ತೆರೆಯಿತು. ಮಾವ ಸಲ್ಯೂಟು ಹೊಡೆದರು, ಬ್ಯಾಂಡು ಮೊಳಗಿತು, ಹೂಗುಚ್ಛ ಮುಂದೆ ಚಾಚಿಕೊಂಡಿತು. ಇಳಿದವನು ಮಲಗುವ ಪಾಯಿಜಾಮದಲ್ಲಿದ್ದ ಒಬ್ಬ ದಪ್ಪನೆಯ ಮನುಷ್ಯ. ಬಿಸಿನೀರು ಹುಡುಕಿಕೊಂಡು ಫ್ಲಾಸ್ಕು ಹಿಡಿದು ಇಳಿದಿದ್ದ. ಅವನು ಹೂವನ್ನು ತೆಗೆದುಕೊಂಡ, ಸುತ್ತ ನೋಡಿದ, ಒಂದು ಕ್ಷಣ ಯೋಚಿಸಿ ಫ್ಲಾಸ್ಕನ್ನು ಮುಖ್ಯಾಧಿಕಾರಿಗಳ ಕೈಗೆ ಕೊಟ್ಟ. ಬ್ಯಾಂಡಿನವರಿಗೆ ಅವನಿಂದ ಹೂವನ್ನು ಬಿಡಿಸಿಕೊಂಡು ವಾಪಸು ಹತ್ತಿಸುವುದೇ ಒಂದು ಕೆಲಸವಾಯಿತು.

ಅಷ್ಟರಲ್ಲಿ ಹಿಂದಿನ ಸಾಮಾನ್ಯ ಬೋಗಿಯಿಂದ ಸಿಸ್ಟರುಗಳು ಇಳಿದಿದ್ದರು. ಒಂದು ವ್ಯಾನಿನ ತುಂಬ ಆಗುವಷ್ಟು ಜನ. ನಾನಾ ಬಣ್ಣದ ಮುಖಗಳು, ಒಂದೇ ಬೂದು ಉಡುಪು. ತಮ್ಮ ಚೀಲ ತಾವೇ ಹೊತ್ತುಕೊಂಡು, ಒಬ್ಬರಿಗೊಬ್ಬರು ಏನೋ ಹೇಳಿ ನಗುತ್ತ ಬಂದರು. ಅವರ ಮುಂದೆ ಕ್ಯಾನ್ವಾಸ್ ಬೂಟು ತೊಟ್ಟ ಸಣ್ಣ ಆಳಿನ ಒಬ್ಬ ಮುದುಕಿ. ಆಕೆ ನೇರ ರಿವರ್ಸುವಿನ ಹತ್ತಿರ ಬಂದು, ತೀರ ಅಚ್ಚುಕಟ್ಟಾಗಿ, ಪುಸ್ತಕ ಓದಿದ ಹಾಗೆ ಮಾತಾಡಿದರು. ಈ ಕಡೆಯಿಂದ ಹೋಗಿದ್ದ ಸಿಸ್ಟರೊಬ್ಬರು ಆಕೆಗೆ ದೂರದೇಶದಲ್ಲಿ ಪಾಠ ಹೇಳಿ ಕಲಿಸಿದ್ದ ಭಾಷೆ ಅದು.

"ಮಹನೀಯರೇ, ತಾವು ಕಾನ್ವೆಂಟಿನಿಂದ ಆಗಮಿಸಿರುವಿರಾ?"

ರಿವರ್ಸು ಹೌದೆಂದ. ಆದರೆ ಸ್ವಲ್ಪ ಪಕ್ಕಕ್ಕೆ ನಿಲ್ಲಬೇಕು, ಜನರಲ್ ಸಾಹೇಬರ ತಾಯಿ ಬರುವವರಿದ್ದಾರೆ, ಅವರು ಬಂದ ಮೇಲೆ ಜಾಗ ನೋಡಿ ಹತ್ತಿಸುತ್ತೇನೆ ಎಂದ. ಮುದುಕಿಯ ಹುಬ್ಬು ಮೇಲೇರಿತು. ಆಕೆ ಹಿಂತಿರುಗಿ ತಮ್ಮವರಿಗೆ ಏನೋ ಹೇಳಿದರು. ಸಿಸ್ಟರುಗಳೆಲ್ಲ ಚೀಲ ಇಳಿಸಿ, ಬ್ಯಾಂಡಿನ ಪಕ್ಕದಲ್ಲಿ ನೀಟಾಗಿ ಸಾಲು ನಿಂತರು. ಜನರಲ್ ಸಾಹೇಬರ ಮಾತೃಶ್ರೀಯವರಿಗೆ ತಾವೂ ಗೌರವ ಸಲ್ಲಿಸುವುದಾಗಿ ಮುದುಕಿ ಹೇಳಿದರು. ಮಾವನಿಗೆ ಆ ಸಾಲು ಬಹಳ ಹಿಡಿಸಿತು.

ರೈಲು ಹೊರಟಿತು. ಪ್ಲಾಟ್‌ಫಾರಂ ಬರಿದಾಯಿತು. ಯಾವ ತಾಯಿಯೂ ಇಳಿಯಲಿಲ್ಲ.

ಮುಖ್ಯಾಧಿಕಾರಿಗಳ ಮುಖದ ಬಣ್ಣ ಇಳಿದುಹೋಯಿತು. ಜನರಲ್ಲರ ತಾಯಿ ತಮ್ಮ ವ್ಯಾಪ್ತಿಯಲ್ಲಿ ಕಾಣೆಯಾಗಿದ್ದಾರೆ ಎಂದು ಅವರು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಹೇಳಿದರು. ಸ್ಟೇಷನ್ ಮಾಸ್ತರು ಮುಂದಿನ ನಿಲ್ದಾಣಕ್ಕೆ ಫೋನು ಹಚ್ಚಿ, ಅಜ್ಜಿಯರನ್ನೆಲ್ಲ ಇಳಿಸಿಕೊಳ್ಳಿ ಎಂದರು. ಮಾವ ಉಸಿರು ಬಿಟ್ಟರು. ಒಂದು ಗುಂಡಿ ಹಾರಿ ಡೋಲಿಗೆ ಬಡಿಯಿತು. ಆಮೇಲೆ ಎಲ್ಲರ ಕಣ್ಣೂ ಒಂದೇ ಕಡೆಗೆ ತಿರುಗಿದವು.

ರಿವರ್ಸು, ಈ ಸಿಸ್ಟರುಗಳನ್ನು ಗುಡ್ಡಕ್ಕೆ ಬಿಟ್ಟು ಈಗ ಬಂದೆ ಎಂದು ಹೇಳಿ, ಯಾರೂ ಉತ್ತರಿಸುವ ಮೊದಲೇ ವ್ಯಾನು ಹೊರಡಿಸಿದ.

ಮುದುಕಿ ಅವನ ಪಕ್ಕದ ಸೀಟಿನಲ್ಲಿ ಕೂತಿದ್ದರು. ಅವನು ಹೇಗೋ ಮೊದಲ ತಿರುವು ದಾಟಿಸಿದ. ಆಮೇಲೆ ಕಟ್ಟೆ ಒಡೆಯಿತು. ಮಾವ, ಗೋದಾಮು, ಶಿಳ್ಳೆ, ಡಾಂಬರು, ಎಲ್ಲವನ್ನೂ ಹೇಳಿಕೊಂಡ. ನಾಳೆ ವ್ಯಾನೂ ಇರುವುದಿಲ್ಲ, ಮಾವನ ಎದುರು ತನಗೆ ಮುಖವೂ ಇರುವುದಿಲ್ಲ ಎಂದ. ಮುದುಕಿ ಗಮನವಿಟ್ಟು ಕೇಳಿದರು. ಅರ್ಥವಾಗದ ಪದ ಬಂದಾಗ ನಿಲ್ಲಿಸಿ ಅರ್ಥ ಕೇಳಿ ಮುಂದುವರಿಸಿದರು. ಕೊನೆಗೆ, ಈ ಸುದ್ದಿಯನ್ನು ನಿಮಗೆ ತಿಳಿಸಿದವರು ಯಾರು ಎಂದು ಕೇಳಿದರು.

"ದೊಡ್ಡ ಸಿಸ್ಟರೇ ಹೇಳಿದ್ರಮ್ಮ. ಮದರ್ ಜನರಲ್ ಬರ್ತಾರೆ ಅಂತ. ಅವರ ಬಾಯಿಂದಾನೇ ಕೇಳಿದ್ದೀನಿ."

ಹಿಂದಿನ ಸೀಟಿನಲ್ಲಿದ್ದ, ಭಾಷೆ ಗೊತ್ತಿದ್ದ ಒಬ್ಬ ಸಿಸ್ಟರ್ ಉಳಿದವರಿಗೆ ಹೇಳಿದರು. ಅವರು ತಮ್ಮ ಪಕ್ಕದವರಿಗೆ ಬೇರೊಂದು ಭಾಷೆಯಲ್ಲಿ ಹೇಳಿದರು. ನಗು ಸೀಟಿನಿಂದ ಸೀಟಿಗೆ ದಾಟುತ್ತ ಹಿಂದಿನ ಬಾಗಿಲು ಮುಟ್ಟುವ ಹೊತ್ತಿಗೆ ವ್ಯಾನು ರಸ್ತೆಯ ಮೇಲೆ ಅಲ್ಲಾಡುತ್ತಿತ್ತು. ಮುದುಕಿ ಮಾತ್ರ ನಗು ತಡೆದುಕೊಂಡು, ಅವನ ತೋಳು ಮುಟ್ಟಿ ಹೇಳಿದರು:

"ಮಗನೇ, ಆ ಮದರ್ ಜನರಲ್ ನಾನೇ. ಈ ಸಂಸ್ಥೆಯ ಎಲ್ಲ ಮನೆಗಳ ಹಿರಿಯಳಿಗೆ ಹಾಗೆನ್ನುವರು. ನನಗೆ ಪುತ್ರರಿಲ್ಲ."

ರಿವರ್ಸು ಬ್ರೇಕು ತುಳಿದ. ಬಹಳ ಹೊತ್ತು ಹೊಸ ರಸ್ತೆಯನ್ನು ದಿಟ್ಟಿಸಿದ. ಅದು ಅವನ ಮುಂದೆ ಕಪ್ಪಗೆ, ನುಣ್ಣಗೆ, ಸಾಕ್ಷಿ ಹೇಳಲು ಸಿದ್ಧವಾಗಿ ಬಿದ್ದಿತ್ತು. ಇದನ್ನೀಗ ಏನು ಮಾಡುವುದು ಎಂದು ಕೇಳಿದ. ಮೊದಲು ಇದು ಹೇಗಿತ್ತು ಎಂದು ಮದರ್ ಜನರಲ್ ಕೇಳಿದರು. ಕುರ್ಚಿಯಲ್ಲಿ ಮುದುಕರನ್ನು ಹೊತ್ತು ಇಳಿಸುತ್ತಿದ್ದ ವಿಷಯ ಅವನು ಹೇಳಿದ. ಆಕೆ, ಹಾಗಾದರೆ ವಾಹನವನ್ನು ಮುಂದಕ್ಕೆ ನಡೆಸಿರಿ, ಭಯಪಡತಕ್ಕದ್ದಲ್ಲ ಎಂದರು.

ಇವರು ಅಂಗಳ ಮುಟ್ಟಿ, ದೊಡ್ಡ ಸಿಸ್ಟರ್ ಓಡಿಬಂದು ಮುದುಕಿಯನ್ನು ತಬ್ಬಿಕೊಂಡು "ಮದರ್ ಜನರಲ್" ಎಂದು ಕೂಗುವುದಕ್ಕೂ, ಹಿಂದಿನಿಂದ ಮುಖ್ಯಾಧಿಕಾರಿಗಳ ಕಾರು, ಬ್ಯಾಂಡಿನ ಲಾರಿ, ಲಾರಿಯ ಮೇಲೆ ಹೊಟ್ಟೆ ಹಿಡಿದುಕೊಂಡ ಮಾವ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕೂಗು ಎಲ್ಲರಿಗೂ ಕೇಳಿಸಿತು. ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ್ಯಾಧಿಕಾರಿಗಳು ರಿವರ್ಸುವಿನ ಕಡೆ ತಿರುಗಿ ಬೆರಳೆತ್ತಿದರು. ಆ ಬೆರಳು ಮಾತಾಡುವಷ್ಟರಲ್ಲಿ ಮದರ್ ಜನರಲ್ ಅದನ್ನೂ ಸೇರಿಸಿ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನಡೆಯಲಾರದ ವೃದ್ಧರಿಗಾಗಿ ರಸ್ತೆ ಮಾಡಿಸಿದ ಮಹಾನುಭಾವರು ಇವರೇ ಎಂದು ತಮ್ಮವರಿಗೆ ಪರಿಚಯಿಸಿದರು. ಲೋಕದ ಅಷ್ಟೂ ದೇಶಗಳ ಸಿಸ್ಟರುಗಳು ಒಟ್ಟಿಗೆ ಚಪ್ಪಾಳೆ ತಟ್ಟಿದರು. ಕಿಟಕಿಗಳಿಂದ ಮುದುಕ ಮುದುಕಿಯರೂ ತಟ್ಟಿದರು. ಮುಖ್ಯಾಧಿಕಾರಿಗಳ ಬೆರಳು ಮಡಚಿಕೊಂಡಿತು. ಈ ರಸ್ತೆ ತಮ್ಮ ಬಹುಕಾಲದ ಕನಸಾಗಿತ್ತೆಂದು ಅವರು ಅಲ್ಲೇ ಒಂದು ಭಾಷಣ ಮಾಡಿದರು. ಮಾತು ಮುಗಿಯುವ ಹೊತ್ತಿಗೆ ಅವರೇ ಅದನ್ನು ನಂಬಿದ್ದರು.

ಉಳಿದವರು ಮಾವ. ಅವರು ಮೆಲ್ಲಗೆ ಲಾರಿಯಿಂದ ಇಳಿದು ಬಂದರು. ಮೊದಲು ಅಳಿಯನನ್ನು ನೋಡಿದರು, ಆ ನೋಟದಲ್ಲಿ ಗೋದಾಮಿನ ಬೀಗದ ಸದ್ದಿತ್ತು. ಆಮೇಲೆ ಮದರ್ ಜನರಲ್ಲರನ್ನು ಅಡಿಯಿಂದ ಮುಡಿಯವರೆಗೆ ಅಳೆದು, ವಿಚಾರಣೆಗೆ ಇಳಿದರು. ನಿಮ್ಮ ಕೈಕೆಳಗೆ ಎಷ್ಟು ಜನ ಎಂದರು. ಸುಮಾರು ಮೂರು ಸಾವಿರ ಎಂದು ಆಕೆ ಹೇಳಿದರು. ಎಷ್ಟು ದೇಶದಲ್ಲಿ ಎಂದರು. ಆಕೆ ಬೆರಳು ಮಡಚಿ ಎಣಿಸತೊಡಗಿ, ಬೆರಳು ಸಾಲದೆ ಬಿಟ್ಟುಬಿಟ್ಟರು. ಮಾವನ ದನಿ ಸ್ವಲ್ಪ ಇಳಿಯಿತು.

"ವರ್ಗ ಮಾಡಿದ್ರೆ ಹೋಗ್ತಾರಾ?"

"ಹೋಗುವರು. ಒಂದು ಪೆಟ್ಟಿಗೆ ತೆಗೆದುಕೊಂಡು, ಒಂದು ವಾರದೊಳಗೆ."

"ಬೇರೆ ದೇಶಕ್ಕೆ ಅಂದ್ರೂ?"

"ಅಳುವರು. ಅನಂತರ ಹೋಗುವರು."

ಮಾವ ತಲೆದೂಗಿದರು. ಅವರ ಕಾಲದಲ್ಲಿ ಪಕ್ಕದ ಶಿಬಿರಕ್ಕೆ ವರ್ಗವಾದವನು ಮೂರು ತಿಂಗಳು ಹೊಟ್ಟೆನೋವೆಂದು ಮಲಗಿದ್ದ. ಅವರು ಎರಡು ಹೆಜ್ಜೆ ಹಿಂದೆ ಸರಿದು, ಹೊಟ್ಟೆಯನ್ನು ಬಿಟ್ಟು, ಕೈ ಹಣೆಗೆ ಒಯ್ದು, ತಮ್ಮ ಜೀವಮಾನದ ಅತ್ಯಂತ ನೆಟ್ಟನೆಯ ಸಲ್ಯೂಟು ಹೊಡೆದರು. ಉಳಿದ ಗುಂಡಿಯೂ ಹಾರಿತು, ಅವರು ಕದಲಲಿಲ್ಲ. ಆಮೇಲೆ ಬ್ಯಾಂಡಿನವರ ಕಡೆ ತಿರುಗಿ, ಇವರು ಜನರಲ್ಲರ ತಾಯಿಯಲ್ಲ, ಖುದ್ದು ಜನರಲ್, ನಮ್ಮ ಅಳಿಯಂದಿರು ಹೇಳಿದ್ದರಲ್ಲಿ ತಪ್ಪೇನಿದೆ, ಸುಮ್ಮನೆ ಯಾಕೆ ನಿಂತಿದ್ದೀರಿ, ಬಾರಿಸಿ ಎಂದರು. ಬ್ಯಾಂಡು ಮೊಳಗಿತು. ರಿವರ್ಸು ವ್ಯಾನಿಗೆ ಒರಗಿ ನಿಂತು, ಅಂದು ಮೊದಲ ಬಾರಿಗೆ ಪೂರ್ತಿಯಾಗಿ ಉಸಿರೆಳೆದುಕೊಂಡ.

ಮೂರು ದಿನದ ಸಂಭ್ರಮ. ಬಂದ ಬ್ಯಾಂಡಿಗೂ ಅಧಿಕಾರಿಗಳಿಗೂ ಅಲ್ಲೇ ಊಟವಾಯಿತು. ಸಿಸ್ಟರುಗಳು ತಮ್ಮ ತಮ್ಮ ದೇಶದ ಹಾಡು ಹಾಡಿದರು. ಒಂದೂ ಅರ್ಥವಾಗದ ಮುದುಕರು ಎಲ್ಲದಕ್ಕೂ ಇನ್ನೊಮ್ಮೆ ಹಾಡಿ ಎಂದರು. ರಿವರ್ಸು ರೈಲು ರೈಲಿಗೂ ಹೋಗಿ ಸಿಸ್ಟರುಗಳನ್ನು ತಂದ. ಪ್ರತಿ ಸಲ ಯಾರು ಬರುತ್ತಾರೆಂದು ಪೂರ್ತಿ ಕೇಳಿ, ಕೇಳಿದ್ದನ್ನು ಹೇಳಿದವರಿಗೇ ಒಪ್ಪಿಸಿ, ಆಮೇಲೆ ಹೊರಡುತ್ತಿದ್ದ.

ಭಾನುವಾರ ಮಧ್ಯಾಹ್ನ ಅತ್ತೆ ಮಗಳನ್ನು ಕರೆದುಕೊಂಡು ಗುಡ್ಡ ಹತ್ತಿ ಬಂದರು. ಬೆಳಗ್ಗೆ ಮನೆಯಿಂದ ಹೊರಟ ತಮ್ಮ ಗಂಡ ಎಲ್ಲಿ ಎಂದು ವಿಚಾರಿಸಿದರೆ, ಅಡುಗೆಮನೆಯಲ್ಲಿ ಎಂಬ ಉತ್ತರ ಬಂತು. ಅದು ಬೇರೆ ಯಾರೋ ಇರಬೇಕು ಎಂದುಕೊಂಡೇ ಅತ್ತೆ ಬಾಗಿಲಲ್ಲಿ ಇಣುಕಿದರು.

ಒಳಗೆ ದೊಡ್ಡ ತೊಟ್ಟಿಯ ಮುಂದೆ ಮದರ್ ಜನರಲ್ ಉಡುಪಿನ ತೋಳು ಮೇಲಕ್ಕೆ ಮಡಚಿಕೊಂಡು ಪಾತ್ರೆ ಉಜ್ಜುತ್ತಿದ್ದರು. ಅವರ ಪಕ್ಕದಲ್ಲಿ ಹಿಮದ ದೇಶದವರೊಬ್ಬರು, ಆಚೆ ಮರಳಿನ ದೇಶದವರೊಬ್ಬರು. ಸಾಲಿನ ಕೊನೆಯಲ್ಲಿ, ಸಮವಸ್ತ್ರದ ಮೇಲೆ ಹೂವಿನ ಚಿತ್ತಾರದ ಏಪ್ರನ್ ಕಟ್ಟಿಕೊಂಡ ಮಾವ. ಜನರಲ್ ತೊಳೆದು ಕೊಟ್ಟ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಒರೆಸಿ, ಬೆಳಕಿಗೆ ಹಿಡಿದು ಪರೀಕ್ಷಿಸಿ, ಬೂಟು ಜೋಡಿಸಿದಷ್ಟೇ ಶಿಸ್ತಿನಿಂದ ಒಂದರ ಮೇಲೊಂದು ಇಡುತ್ತಿದ್ದರು. ಮೂವತ್ತೈದು ವರ್ಷದ ಸಂಸಾರದಲ್ಲಿ ತಾವು ಉಂಡ ತಟ್ಟೆಯನ್ನು ಅವರು ಅತ್ತ ಸರಿಸಿದವರೂ ಅಲ್ಲ.

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮಗಳು ಏನೋ ಹೇಳಹೊರಟಾಗ ಸುಮ್ಮನಿರು ಎಂದು ಸನ್ನೆ ಮಾಡಿದರು. ಬಹಳ ಹೊತ್ತು ಕಣ್ಣು ತುಂಬ ನೋಡಿದ ಮೇಲೆ ಮದರ್ ಜನರಲ್ಲರ ಹತ್ತಿರ ಹೋಗಿ, ಅವರ ನೊರೆ ಮೆತ್ತಿದ ಕೈಯನ್ನು ಹಿಡಿದುಕೊಂಡು ಕೇಳಿದರು:

"ಅಮ್ಮಾ, ತಾವು ಇಲ್ಲೇ ಇದ್ದುಬಿಡೋಕೆ ಆಗಲ್ವಾ?"